ಆರ್‌ವಿ-9ಎ ವಿಮಾನಕ್ಕೆ ಗಾರ್ಮಿನ್ನೋ ಡೈನನ್ನೋ? ಸ್ಕ್ರೀನ್ ಈಗಲೇ ಕೊಳ್ಳಬೇಕಾ?

ಹೂಸ್ಟನ್ ಹತ್ತಿರ ಗ್ಯಾರೇಜಿನಲ್ಲಿ ಆರ್‌ವಿ-9ಎ ಅನ್ನುವ, ಕಿಟ್ ತರಿಸಿ ಮನೆಯಲ್ಲೇ ಜೋಡಿಸುವ ಪುಟ್ಟ ವಿಮಾನ ಕಟ್ಟುತ್ತಿದ್ದೇನೆ, ಬಾಲ ಮುಗಿದಿದೆ, ರೆಕ್ಕೆ ಅರ್ಧ ಆಗಿದೆ, ಜುಲೈನಲ್ಲಿ ಆಶ್‌ಕಾಶ್ ವಿಮಾನ ಮೇಳಕ್ಕೆ ಹೋದಾಗ ರಿಯಾಯಿತಿಯಲ್ಲಿ ವೇಗ, ಎತ್ತರ ಎಲ್ಲ ತೋರಿಸುವ ಸ್ಕ್ರೀನ್ ಗಾರ್ಮಿನ್ ಕಂಪನಿಯ ಜಿ3ಎಕ್ಸ್ ಟಚ್ ತಗೊಳ್ಳಲಾ, ಡೈನನ್ ಕಂಪನಿಯ ಸ್ಕೈವ್ಯೂ ಎಚ್‌ಡಿಎಕ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. "ಮುಂದೆ ಐಎಫ್‌ಆರ್ ಹಾರಿದರೂ ಹಾರಬಹುದು" ಅಂತ ಕೊನೆಗೊಂದು ಸಾಲು ಬೇರೆ; ಐಎಫ್‌ಆರ್ ಅಂದರೆ ಮೋಡದಲ್ಲಿ ಹೊರಗೇನೂ ಕಾಣದಿದ್ದರೂ ಉಪಕರಣ ನೋಡಿಕೊಂಡು ಹಾರುವುದು. ಓದುವಾಗ ಎಂಟು ವರ್ಷದ ಹಿಂದೆ ನಾನೇ ಬರೆದ ಹಾಗಿತ್ತು. ನಾನಿರುವುದು ಅರಿಜೋನಾದಲ್ಲಿ. ನನ್ನದೂ 9ಎ, ಈಗ ಹಾರುತ್ತಿದೆ.

ಕಂಪನಿ ಯಾವುದು ಅಂತ ಈ ವರ್ಷವೇ ತೀರ್ಮಾನಿಸಿ. ಸ್ಕ್ರೀನನ್ನು ಮಾತ್ರ ಎಂಜಿನ್ ಕೂರಿಸುವವರೆಗೆ ಕೊಳ್ಳಬೇಡಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನು ನಾನು. ಮೇಳದಲ್ಲಿ ದುಡ್ಡು ಉಳಿಯಿತು ಅಂತ ಹಿಗ್ಗಿ ತಂದ ಸ್ಕ್ರೀನ್ ಮೂರು ವರ್ಷ ಬೀರುವಿನ ಮೇಲೆ ಡಬ್ಬದಲ್ಲೇ ಕೂತಿತ್ತು. ಕರೆಂಟು ಕೊಡುವ ಹೊತ್ತಿಗೆ ವಾರಂಟಿ ಮುಗಿದಿತ್ತು, ಅದಕ್ಕಿಂತ ಒಳ್ಳೆಯ ಮಾಡೆಲ್ಲೂ ಬಂದಿತ್ತು. ಅಲ್ಯುಮಿನಿಯಂ ತಗಡಿಗೆ ವಯಸ್ಸಾಗುವುದಿಲ್ಲ, ಎಲೆಕ್ಟ್ರಾನಿಕ್ಸಿಗೆ ಡಬ್ಬದೊಳಗೂ ವಯಸ್ಸಾಗುತ್ತದೆ.

ಹಾಗಾದರೆ ಕಂಪನಿಯನ್ನು ಯಾಕೆ ಈಗಲೇ ಆರಿಸಬೇಕು? ಆಟೋಪೈಲಟ್ ಸರ್ವೋಗಾಗಿ, ಅಂದರೆ ರೆಕ್ಕೆಯೊಳಗೆ ಕೂತು ವಿಮಾನ ತಿರುಗಿಸುವ ಪುಟ್ಟ ಮೋಟಾರಿಗಾಗಿ. ಡೈನನ್ ಸ್ಕ್ರೀನು ಡೈನನ್ ಸರ್ವೋವನ್ನೇ ಓಡಿಸುತ್ತದೆ, ಗಾರ್ಮಿನ್ ಗಾರ್ಮಿನ್‌ನದನ್ನೇ. ಎರಡಕ್ಕೂ ಕೂರಿಸುವ ಬ್ರ್ಯಾಕೆಟ್ ಬೇರೆ ಬೇರೆ ಇರಬಹುದು. ರೆಕ್ಕೆಯ ಕೆಳಗಿನ ತಗಡಿಗೆ ರಿವೆಟ್ ಹೊಡೆದ ಮೇಲೆ ಒಳಗೆ ಕೈ ಹಾಕಲು ಸಿಗುವುದು ತಪಾಸಣೆ ಕಿಂಡಿಯಷ್ಟು ಜಾಗ ಮಾತ್ರ. ಬ್ರ್ಯಾಕೆಟ್, ವೇಗ ಅಳೆಯಲು ಎದುರು ಗಾಳಿ ಹಿಡಿಯುವ ಪೀಟೋ ನಳಿಕೆ, ದೀಪದ ವೈರು, ಇವೆಲ್ಲ ಈಗಿನ ಕೆಲಸ. ವೈರು ಎಳೆಯುವ ಪೈಪಿನಲ್ಲಿ ಒಂದು ದಾರವನ್ನೂ ಬಿಟ್ಟಿರಿ, ಮುಂದೆ ಏನೇ ನೆನಪಾದರೂ ಅದಕ್ಕೆ ಕಟ್ಟಿ ಎಳೆಯಬಹುದು.

ಇನ್ನು ಐಎಫ್‌ಆರ್. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕೊಡುವ ಆಪರೇಟಿಂಗ್ ಲಿಮಿಟೇಷನ್ ಪತ್ರದಲ್ಲಿ ಒಂದು ಮಾತಿರುತ್ತದೆ: ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 91.205ರಲ್ಲಿ ಹೇಳಿದ ಉಪಕರಣ ಇಲ್ಲದಿದ್ದರೆ ಹಗಲಿನ ವಿಎಫ್‌ಆರ್ ಮಾತ್ರ, ಅಂದರೆ ಹೊರಗೆ ಕಣ್ಣಿಗೆ ಕಾಣುವಾಗ ನೋಡಿಕೊಂಡು ಹಾರುವುದು. ಸ್ಕ್ರೀನಿಗೆ ಸರ್ಕಾರದ ಸರ್ಟಿಫಿಕೇಟ್ ಬೇಕಿಲ್ಲ, ಹಾಗಾಗಿಯೇ ಇಂಥದ್ದು ನಮಗೆ ಫ್ಯಾಕ್ಟರಿ ವಿಮಾನದವರಿಗಿಂತ ಕಡಿಮೆಗೆ ಸಿಗುವುದು. ಆದರೆ ಮೋಡದೊಳಗಿಂದ ಜಿಪಿಎಸ್ ನಂಬಿ ರನ್‌ವೇಗೆ ಇಳಿಯಬೇಕಾದರೆ ಸ್ಕ್ರೀನಿನೊಳಗಿನ ಜಿಪಿಎಸ್ ಸಾಲದು, ಅದಕ್ಕೆಂದೇ ಒಪ್ಪಿಗೆ ಪಡೆದ ನ್ಯಾವಿಗೇಟರ್ ಬೇಕು. ಗಾರ್ಮಿನ್ ಜಿಪಿಎಸ್ 175 ಅಥವಾ ಜಿಟಿಎನ್ 650ಎಕ್ಸ್‌ಐ ಥರದ್ದು. ಡೈನನ್ ಕೊಂಡರೂ ಈ ಒಂದು ಡಬ್ಬ ಬೇರೆ ಕಡೆಯಿಂದಲೇ ಬರಬೇಕು, ಜೊತೆಗೆ ಇಬ್ಬರ ನಡುವೆ ದುಭಾಷಿಯ ಹಾಗೆ ಒಂದು ಎಆರ್‌ಐಎನ್‌ಸಿ-429 ಪೆಟ್ಟಿಗೆ. ಗಾರ್ಮಿನ್ ಜಿ3ಎಕ್ಸ್‌ಗೂ ಅಂಥದ್ದೇ ಪೆಟ್ಟಿಗೆ ಬೇಕು, ಆದರೆ ಎಲ್ಲ ಒಂದೇ ಮನೆಯವರಾದ್ದರಿಂದ ಜಗಳ ಕಡಿಮೆ. ನಿಜವಾಗಿಯೂ ಐಎಫ್‌ಆರ್ ಹಾರುವವರಿದ್ದರೆ ನನ್ನ ಮತ ಗಾರ್ಮಿನ್‌ಗೆ. "ಹಾರಿದರೂ ಹಾರಬಹುದು" ಅನ್ನುವವರು ಪ್ಯಾನೆಲ್ಲಿನಲ್ಲಿ ಜಾಗ ಬಿಟ್ಟು, ಆಂಟೆನಾ ವೈರು ಎಳೆದು ಸುಮ್ಮನಿರಬೇಕು. ನಾನು ಬಿಟ್ಟ ಜಾಗದಲ್ಲಿ ಇವತ್ತಿಗೂ ಒಂದು ಖಾಲಿ ತಗಡಿದೆ. ಹೆಂಡತಿ ಅದರ ಮೇಲೆ ಗಣಪತಿ ಸ್ಟಿಕರ್ ಅಂಟಿಸಿದ್ದಾಳೆ.

ವಿಮಾನ ಎಲ್ಲಿದೆ ಅಂತ ತಾನೇ ರೇಡಿಯೋದಲ್ಲಿ ಸಾರುವ ಎಡಿಎಸ್-ಬಿ ಔಟ್ ವಿಷಯದಲ್ಲಿ ನಿಮಗೆ ಆಯ್ಕೆಯೇ ಇಲ್ಲ. ಹೂಸ್ಟನ್ ದೊಡ್ಡ ಏರ್‌ಪೋರ್ಟಿನ ಸುತ್ತ 30 ನಾಟಿಕಲ್ ಮೈಲಿಯೊಳಗೆ 2020ರ ಜನವರಿಯಿಂದ ಅದು ಕಡ್ಡಾಯ.

ಮೇಳದಲ್ಲಿ ಎರಡನ್ನೂ ಮುಟ್ಟಿ ನೋಡಿ. ಮಳಿಗೆಯಲ್ಲಿ ನೆಲ ಅಲುಗಾಡುವುದಿಲ್ಲ, ಎಲ್ಲ ಟಚ್ ಸ್ಕ್ರೀನೂ ಚೆನ್ನಾಗಿಯೇ ಕಾಣುತ್ತದೆ. ತೋಳು ಪೂರ್ತಿ ಚಾಚಿ ನಿಂತು, ಜೊತೆಗಾರರಿಗೆ ನಿಮ್ಮ ಮೊಣಕೈ ಹಿಡಿದು ಕುಲುಕಲು ಹೇಳಿ, ಆಮೇಲೆ ಆಲ್ಟಿಮೀಟರ್ ಸೆಟ್ಟಿಂಗ್ ಬದಲಿಸಿ. ಮಧ್ಯಾಹ್ನದ ಬಿಸಿಗಾಳಿಯಲ್ಲಿ ನಮ್ಮ ಪುಟ್ಟ ವಿಮಾನ ಕುಣಿಯುವುದು ಹಾಗೇ. ಎರಡರಲ್ಲೂ ತಿರುಗಿಸುವ ಗುಂಡಿಗಳಿವೆ. ನನ್ನ ಬೆರಳಿಗೆ ತಡಕಾಡದೆ ಸಿಕ್ಕಿದ್ದು ಡೈನನ್ ಗುಂಡಿ, ನಾನು ಅದನ್ನು ಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಇದೆಲ್ಲಕ್ಕಿಂತ ಮೊದಲು ಒಂದು ಹಾಳೆ ತಗೊಂಡು ಬರೆಯಿರಿ: ಆಲ್ಟರ್ನೇಟರ್ ಸತ್ತರೆ ಏನು ಉಳಿಯುತ್ತದೆ? ಮುಖ್ಯ ಬ್ಯಾಟರಿಯೂ ಹೋದರೆ? ಸ್ಕ್ರೀನ್ ರೀಬೂಟ್ ಆದರೆ? ಚಿಕ್ಕಂದಿನಲ್ಲಿ ಜಕ್ಕೂರು ಏರೋಡ್ರೋಮಿನ ಬೇಲಿ ಹಿಡಿದು ನೋಡುತ್ತಿದ್ದ ಸೆಸ್ನಾಗಳಲ್ಲಿ ದುಂಡು ಮೀಟರುಗಳಿದ್ದವು. ಒಂದು ಕೆಟ್ಟರೆ ಉಳಿದವು ಇರುತ್ತಿದ್ದವು. ಈಗ ಒಂದು ಗಾಜು ಕಪ್ಪಾದರೆ ವೇಗ, ಎತ್ತರ, ದಿಕ್ಕು, ಎಂಜಿನ್ನಿನ ಎಣ್ಣೆ ಒತ್ತಡ ಎಲ್ಲ ಒಟ್ಟಿಗೆ ಮಾಯ. ಒಂದೇ ಕಂಪನಿಯ ಎರಡು ಸ್ಕ್ರೀನ್ ಇಟ್ಟರೆ ಒಳಗಿನ ಸಾಫ್ಟ್‌ವೇರ್ ಒಂದೇ, ತಪ್ಪೂ ಒಂದೇ ಆಗಬಹುದು. ನಾನು ಡೈನನ್ ಪಕ್ಕದಲ್ಲಿ ಗಾರ್ಮಿನ್ ಜಿ5 ಅನ್ನುವ ಒಂದು ಪುಟ್ಟ ಸ್ಕ್ರೀನ್ ಹಾಕಿದ್ದೇನೆ. ಅದಕ್ಕೆ ತನ್ನದೇ ಬ್ಯಾಟರಿ ಇದೆ, ನಾಲ್ಕು ಗಂಟೆ ಬಾಳುತ್ತದೆ ಅನ್ನುತ್ತಾರೆ. ಅಷ್ಟರಲ್ಲಿ ನನ್ನ ಪೆಟ್ರೋಲೇ ಮುಗಿದಿರುತ್ತದೆ. ಆದರೂ ಪೀಟೋ ನಳಿಕೆಯೊಳಗೆ ಕುಂಬಾರ ಹುಳು ಗೂಡು ಕಟ್ಟಿದರೆ ಎರಡು ಸ್ಕ್ರೀನೂ ವೇಗದ ವಿಷಯದಲ್ಲಿ ಒಂದೇ ಸುಳ್ಳನ್ನು ಹೇಳುತ್ತವೆ. ನಳಿಕೆಗೆ ಟೋಪಿ ಹಾಕುವುದನ್ನು ಮರೆಯಬೇಡಿ, ಟೆಕ್ಸಾಸಿನಲ್ಲೂ ಆ ಹುಳುಗಳಿಗೇನೂ ಬರವಿಲ್ಲ.

ಬಾಕಿಯೆಲ್ಲ ವೈರಿಂಗ್. ಅದೇ ಹೆಚ್ಚು ಸಮಯ ತಿಂದದ್ದು, ಅಲ್ಲೇ ಎರಡು ತಪ್ಪು ಮಾಡಿದೆ.

ಮೊದಲನೆಯದು ಇಂಟರ್‌ಕಾಮಿನ 25 ಪಿನ್ನಿನ ಕನೆಕ್ಟರ್. ಪುಸ್ತಕದ ಚಿತ್ರ ಮುಂದಿನಿಂದ ನೋಡಿ ಬರೆದದ್ದು, ನಾನು ಪಿನ್ ತುಂಬಿದ್ದು ಹಿಂದಿನಿಂದ. ಕನ್ನಡಿಯಲ್ಲಿ ನೋಡಿದ ಹಾಗೆ ಇಡೀ ಸಾಲು ಎಡದ್ದು ಬಲಕ್ಕೆ. ಕರೆಂಟು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿದದ್ದರಿಂದ ಪೆಟ್ಟಿಗೆ ಉಳಿಯಿತು. ಆಮೇಲೆ ಕೆಂಪು-ಬಿಳಿ ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಪಿನ್ ಕಿತ್ತು ಮತ್ತೆ ಹಾಕಿದ್ದು ಒಂದು ಇಡೀ ಭಾನುವಾರ. ಕನೆಕ್ಟರಿನ ಮೈಮೇಲೇ ಪಿನ್ ನಂಬರ್ ಅಚ್ಚಾಗಿರುತ್ತದೆ, ಸಾಸಿವೆಯಷ್ಟು ಸಣ್ಣದು. ಭೂತಗನ್ನಡಿ ಇಟ್ಟುಕೊಳ್ಳಿ.

ಎರಡನೆಯದು ಕಂಡುಹಿಡಿಯಲು ಮೂರು ವಾರ ಬೇಕಾಯಿತು. ಬಾಲದ ದೀಪ ಹಾಕಿದಾಗಲೆಲ್ಲ ಸ್ಕ್ರೀನಿನಲ್ಲಿ ದಿಕ್ಕು 8 ಡಿಗ್ರಿ ಸರಿಯುತ್ತಿತ್ತು, ಆರಿಸಿದರೆ ಸರಿಹೋಗುತ್ತಿತ್ತು. ದಿಕ್ಕು ಹೇಳುವ ಮ್ಯಾಗ್ನೆಟೋಮೀಟರ್ ಕಬ್ಬಿಣದಿಂದ ದೂರ ಇರಲಿ ಅಂತ ಬಾಲದ ಕಡೆ ಇಟ್ಟಿದ್ದೆ, ದೀಪದ ವೈರು ಅದರ ಪಕ್ಕದಲ್ಲೇ ಹಾದುಹೋಗಿತ್ತು. ನೆಗೆಟಿವ್ ವೈರು ಉಳಿಸಲು ವಿಮಾನದ ತಗಡನ್ನೇ ಗ್ರೌಂಡ್ ಮಾಡಿಕೊಂಡಿದ್ದೆ. ಹೋಗುವ ಕರೆಂಟಿನ ಪಕ್ಕದಲ್ಲಿ ವಾಪಸ್ ಬರುವ ಕರೆಂಟ್ ಇಲ್ಲದಿದ್ದರೆ ಆ ಒಂಟಿ ವೈರೇ ಒಂದು ಪುಟ್ಟ ಅಯಸ್ಕಾಂತದ ಹಾಗೆ ಮ್ಯಾಗ್ನೆಟೋಮೀಟರಿನ ದಿಕ್ಕು ತಪ್ಪಿಸುತ್ತದೆ. ನೆಗೆಟಿವ್ ವೈರೊಂದನ್ನು ಅದರ ಜೊತೆ ಜಡೆ ಹಾಕಿದ ಹಾಗೆ ಸುತ್ತಿ ಮುಂದಿನ ಗ್ರೌಂಡಿನವರೆಗೆ ತಂದೆ. 8 ಡಿಗ್ರಿ ಹೋಯಿತು.

ಅಂದಹಾಗೆ, ನಿಮ್ಮ ಕ್ಯಾನಪಿ, ಅಂದರೆ ತಲೆ ಮೇಲಿನ ಪಾರದರ್ಶಕ ಮುಚ್ಚಳ, ಮೇಲಕ್ಕೆ ತೆರೆಯುವುದೋ ಹಿಂದಕ್ಕೆ ಜಾರುವುದೋ ಬರೆದಿಲ್ಲ. ನನ್ನದು ಜಾರುವುದು. ಪ್ಯಾನೆಲ್ ಹಿಂದೆ ಕೈ ಹಾಕಬೇಕೆಂದರೆ ಬೆನ್ನ ಕೆಳಗೆ ರೆಕ್ಕೆ ಹೊರುವ ಸ್ಪಾರ್ ತೊಲೆ ಒತ್ತಿಕೊಂಡು, ರಡರ್ ಪೆಡಲ್ ನಡುವೆ ತಲೆ ತೂರಿಸಿ, ಕಾಲು ಸೀಟಿನ ಮೇಲೆತ್ತಿ ಮಲಗಬೇಕು. ಮೂಗಿನ ಮೇಲೆ ಸ್ಕ್ರೂ ಬೀಳುತ್ತದೆ. ಮೇಲಕ್ಕೆ ತೆರೆಯುವುದಾದರೆ ನಿಂತುಕೊಂಡೇ ಕೆಲಸ ಮಾಡಬಹುದು, ಮಳೆ ಬಂದಾಗ ತೆರೆದಿಟ್ಟರೆ ನೀರು ನೇರ ಎಲೆಕ್ಟ್ರಾನಿಕ್ಸ್ ಮೇಲೆ ಬೀಳುತ್ತದೆ ಅಷ್ಟೆ. ಜಾರುವುದಾಗಿದ್ದರೆ ಪ್ಯಾನೆಲ್ಲನ್ನು ಬಿಚ್ಚಿ ಮುಂದಕ್ಕೆಳೆಯುವ ಹಾಗೆ ಮಾಡಿ, ಪ್ರತಿ ವೈರಿಗೂ ಒಂದು ಗೇಣು ಹೆಚ್ಚು ಬಿಡಿ.

ಕೆಳಗಿನ ತಗಡು ಮುಚ್ಚುವ ಮುಂಚೆ ರೆಕ್ಕೆಯೊಳಗಿನ ಒಂದು ಫೋಟೋ ಹಾಕಿ. ಸರ್ವೋ ಜಾಗ, ಪೀಟೋ ಪೈಪು ನೋಡಿ ಹೇಳುತ್ತೇನೆ.