ಪ್ರತಿಕ್ರಿಯೆ: ಆಲೆಮನೆ ಬೆಲ್ಲ ದುಬೈಗೆ ಕಳಿಸೋದಕ್ಕೆ ದೆಹಲಿಗೆ ಹೋಗಬೇಕಾ?

ನಮಸ್ಕಾರ ಸರ್. ಮಂಡ್ಯದ ನಿಮ್ಮ ಆಲೆಮನೆ ಬೆಲ್ಲವನ್ನು ದುಬೈಗೆ ಕಳಿಸಲು ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೇ ಅರ್ಜಿ ಹಾಕಬೇಕಾ ಅಂತ ಕೇಳಿದ್ದೀರಿ. ಹೌದು, ಆದರೆ ದೆಹಲಿಗೆ ಓಡಾಡೋದು ಬೇಡ.

ಆ ಸಚಿವಾಲಯದಲ್ಲಿ ಎರಡು ಇಲಾಖೆಗಳಿವೆ. ನಿಮಗೆ ಬೇಕಾದದ್ದು ವಾಣಿಜ್ಯ ಇಲಾಖೆ. ಅದರ ಕೆಳಗಿನ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ರಫ್ತುದಾರರಿಗೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ನಂಬರ್, ಕೊಡುತ್ತದೆ. ಎಲ್ಲವೂ ಆನ್‌ಲೈನ್, ಶುಲ್ಕ 500 ರೂಪಾಯಿ, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಏಜೆಂಟರಿದ್ದಾರೆ, ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಅಪ್‌ಡೇಟ್ ಮಾಡಲೇಬೇಕು. ಮರೆತರೆ ನಂಬರ್ ನಿಷ್ಕ್ರಿಯ ಆಗುತ್ತದೆ.

ಆಮೇಲೆ ಅಪೆಡಾ (ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಅಭಿವೃದ್ಧಿ ಪ್ರಾಧಿಕಾರ) ನೋಂದಣಿ. ಅದೂ ಇದೇ ಸಚಿವಾಲಯದ್ದು. ಬೆಲ್ಲ ಅದರ ಪಟ್ಟಿಯಲ್ಲಿದೆ.

ಇನ್ನೊಂದು ಇಲಾಖೆ ಡಿಪಿಐಐಟಿ (ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ). ಸ್ಟಾರ್ಟಪ್, ಪೇಟೆಂಟ್, ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಗುರುತು) ಅದರ ಕೆಲಸ. ನಮ್ಮ ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆ ಜಿಐ ಸಿಕ್ಕಿದ್ದು ಆ ದಾರಿಯಲ್ಲೇ.

ಆಹಾರ ಪರವಾನಗಿ ಮಾತ್ರ ಇವರದ್ದಲ್ಲ, ಅದು ಆರೋಗ್ಯ ಸಚಿವಾಲಯದ ಕೆಳಗಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನದ್ದು. ಸಣ್ಣ ಉದ್ದಿಮೆ ಸಾಲ ಕೇಳೋದಾದರೆ ಎಂಎಸ್ಎಂಇ ಸಚಿವಾಲಯದ ಯೋಜನೆ ನೋಡಿ. ಜನ ಜಾಸ್ತಿ ಎಡವೋದು ಇಲ್ಲೇ.

ಅಂದಹಾಗೆ, ಬೆಲ್ಲದ ಬಣ್ಣ ತಿಳಿಯಾಗಲು ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತೀರಾ? ಹಾಗಿದ್ದರೆ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಫಾರಂ ತುಂಬಿ.