ನಾನು ವಿಮಾನ ಕಂಪನಿಯೊಂದರ ಪೈಲಟ್. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಚೆಕ್ ಪಾಸಾಗುತ್ತೇನೆ, ಆದರೂ ಕೈಗೆ ತುಕ್ಕು ಹಿಡಿಯುತ್ತಿದೆ. ರಜೆಯಲ್ಲಿ ಸೆಸ್ನಾದಂಥ ಪುಟ್ಟ ವಿಮಾನ ಹಾರಿಸಿದರೆ ಸರಿಹೋಗುತ್ತದೆಯೇ?

ತಿಂಗಳಿಗೆ 80 ಗಂಟೆ ಹಾರಾಟ, ಅದರಲ್ಲಿ ಕೈಯಿಂದ ಹಾರಿಸುವುದು ಕೆಲವೇ ನಿಮಿಷ ಎಂದು ಬರೆದಿದ್ದೀರಿ. ನನ್ನ ಹಳೆಯ ಲಾಗ್‌ಬುಕ್ಕನ್ನೇ ಓದಿದಂತಾಯಿತು. ಆಗ ನಾನು ಏರ್‌ಬಸ್ ಎ320ರಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಒಂದು ಚೆಕ್ಕಿನಲ್ಲೂ ಫೇಲಾಗಿರಲಿಲ್ಲ.

ಆ ದಿನ ಆಕಾಶ ತಿಳಿಯಾಗಿತ್ತು, ರನ್‌ವೇ ದೂರದಿಂದಲೇ ಕಾಣುತ್ತಿತ್ತು. ಸ್ವಲ್ಪ ಎತ್ತರದಲ್ಲಿದ್ದುದರಿಂದ ಓಪನ್ ಡಿಸೆಂಟ್‌ನಲ್ಲಿ ಇಳಿಯುತ್ತಿದ್ದೆವು. 'ಕೈಯಿಂದಲೇ ಇಳಿಸ್ತೀನಿ ಸರ್' ಎಂದೆ. ಕ್ಯಾಪ್ಟನ್ ಒಪ್ಪಿದರು. ಆಟೊಪೈಲಟ್ ತೆಗೆದೆ, ಮೂಗನ್ನು ಎತ್ತ ತಿರುಗಿಸಬೇಕೆಂದು ಪರದೆಯ ಮೇಲೆ ತೋರಿಸುವ ಫ್ಲೈಟ್ ಡೈರೆಕ್ಟರ್ ಅನ್ನು ನನ್ನ ಕಡೆ ಆಫ್ ಮಾಡಿದೆ. ಅವರ ಕಡೆಯದನ್ನೂ ಆಫ್ ಮಾಡಿ ಎಂದು ಹೇಳಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ಓಪನ್ ಡಿಸೆಂಟ್‌ನಲ್ಲಿ, ಎಂಜಿನ್ ಬಲವನ್ನು ತಾನಾಗಿ ಹೊಂದಿಸುವ ಆಟೊಥ್ರಸ್ಟ್ ಎಂಜಿನ್ನನ್ನು ಐಡಲ್‌ನಲ್ಲಿ, ಅಂದರೆ ಕನಿಷ್ಠ ಬಲದಲ್ಲಿ ಇಟ್ಟಿರುತ್ತದೆ. ವೇಗ ಕಾಯುವ ಕೆಲಸ ವಿಮಾನದ ಮೂಗಿನದು: ಎತ್ತಿದರೆ ವೇಗ ಇಳಿಯುತ್ತದೆ. ಎರಡೂ ಫ್ಲೈಟ್ ಡೈರೆಕ್ಟರ್ ಆಫ್ ಆದರೆ ಮಾತ್ರ ಆಟೊಥ್ರಸ್ಟ್ ಸ್ಪೀಡ್ ಮೋಡ್‌ಗೆ ಬಂದು ವೇಗದ ಹೊಣೆ ತಾನು ಹೊರುತ್ತದೆ. ಒಂದು ಉಳಿದರೂ ಸಾಕು, ಐಡಲ್ ಹಾಗೇ ಇರುತ್ತದೆ. ಏರ್‌ಬಸ್‌ನಲ್ಲಿ ಥ್ರಸ್ಟ್ ಲಿವರ್ ತಾನಾಗಿ ಕದಲುವುದೂ ಇಲ್ಲ, ಕೈ ಅದರ ಮೇಲಿದ್ದರೂ ಏನೂ ತಿಳಿಯದು. ಇಳಿಯುವ ಹಾದಿ ಸರಿಯಿದೆಯೇ ಎಂದು ತೋರಿಸುವ, ರನ್‌ವೇ ಪಕ್ಕದ PAPI ದೀಪಗಳು ಎರಡು ಬಿಳಿ, ಎರಡು ಕೆಂಪಾದ ಕೂಡಲೇ ಹಾದಿ ಹಿಡಿಯಲು ಮೂಗನ್ನು ಮೆಲ್ಲಗೆ ಎತ್ತಿದೆ. ವೇಗ ಕರಗತೊಡಗಿತು. ಇರಬೇಕಾದದ್ದು 136 ನಾಟ್. 'ಸ್ಪೀಡ್!' ಎಂದು ಕ್ಯಾಪ್ಟನ್ ಕೂಗಿದಾಗ ನೋಡಿದೆ: 125. ಇಳಿಯದೆ ಮತ್ತೆ ಮೇಲೇರಿ ಗೋ ಅರೌಂಡ್ ಮಾಡಿದೆವು.

ಇಳಿದ ಮೇಲೆ ಅವರು ಕೇಳಿದ್ದು ಒಂದೇ: 'ಎಷ್ಟು ಹೊತ್ತಿನಿಂದ ಸ್ಪೀಡ್ ನೋಡಿರಲಿಲ್ಲ?' ನನ್ನಲ್ಲಿ ಉತ್ತರವಿರಲಿಲ್ಲ.

ಗಮನಿಸಿ, ಕೈ ತಪ್ಪಿರಲಿಲ್ಲ. ವಿಮಾನ ಸೆಂಟರ್‌ಲೈನ್ ಮೇಲೆಯೇ ಇತ್ತು. ತಪ್ಪಿದ್ದು ಕಣ್ಣಿನ ಸುತ್ತು, ಅದರ ಹಿಂದಿನ ಲೆಕ್ಕ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಏರ್‌ಲೈನ್ಸ್‌ನ ಬೋಯಿಂಗ್ 777ಕ್ಕೆ ಆದದ್ದೂ ಇದರ ಹತ್ತಿರದ್ದೇ. ಶುಭ್ರ ಹಗಲು, ಇಳಿಯುವ ಹಾದಿ ತೋರಿಸುವ ಗ್ಲೈಡ್‌ಸ್ಲೋಪ್ ಸಂಕೇತ ಇಲ್ಲ, ವೇಗವನ್ನು ಆಟೊಥ್ರಾಟಲ್ (ಆಟೊಥ್ರಸ್ಟ್‌ನಂಥದೇ) ಕಾಯುತ್ತದೆಂಬ ನಂಬಿಕೆ. ಅದು ಕಾಯುತ್ತಿರಲಿಲ್ಲ, 137 ನಾಟ್ ಇರಬೇಕಾದಲ್ಲಿ ವೇಗ 103ಕ್ಕೆ ಇಳಿದಿತ್ತು. ಆ ಅಪಘಾತದಲ್ಲಿ ಮೂವರು ಸತ್ತರು. 2014ರಲ್ಲಿ ಪ್ರಕಟವಾದ ನಾಸಾ ಸಂಶೋಧಕರ ಅಧ್ಯಯನದಲ್ಲಿ 747 ಸಿಮ್ಯುಲೇಟರ್‌ನಲ್ಲಿ 16 ಪೈಲಟ್‌ಗಳನ್ನು ಪರೀಕ್ಷಿಸಿದ್ದರು. ಕೈಚಳಕ ಬಹುಮಟ್ಟಿಗೆ ಉಳಿದಿತ್ತು; ವಿಮಾನ ಎಲ್ಲಿದೆ, ಮುಂದೇನು ಮಾಡಬೇಕು ಎಂದು ಯೋಚಿಸುವ ಶಕ್ತಿ ಕುಗ್ಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸೆಸ್ನಾ ಹಾರಿಸಿ, ಸಂತೋಷಕ್ಕೆ. ನಿಮ್ಮ ಜೆಟ್‌ನ ಮೋಡ್‌ಗಳನ್ನು ಅದು ಕಲಿಸದು. ಚೆಕ್ ಪಾಸಾದದ್ದನ್ನೂ ತರಬೇತಿ ಎಂದುಕೊಳ್ಳಬೇಡಿ. ಚೆಕ್‌ನಲ್ಲಿ ಎಂಜಿನ್ ಯಾವಾಗ ಕೈಕೊಡುತ್ತದೆಂದು ನಮಗೆ ಮೊದಲೇ ಅಂದಾಜಿರುತ್ತದೆ. ಚೆಕ್ ಮುಗಿದು ಸಮಯ ಉಳಿದರೆ ಎದ್ದು ಬರಬೇಡಿ. ಫ್ಲೈಟ್ ಡೈರೆಕ್ಟರ್, ಆಟೊಥ್ರಸ್ಟ್ ಎರಡೂ ಇಲ್ಲದೆ, ಅಡ್ಡಗಾಳಿಯಲ್ಲಿ ಒಂದು ಅಪ್ರೋಚ್ ಕೊಡಿ ಎಂದು ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ. ಅಂಕಕ್ಕಲ್ಲ ಎಂದು ಹೇಳಿಯೇ ಕೇಳಿ.

ಲೈನ್‌ನಲ್ಲಿ, ಅಂದರೆ ದಿನನಿತ್ಯದ ಹಾರಾಟದಲ್ಲಿ, ಕಂಪನಿ ಮ್ಯಾನುಯಲ್ ಅನುಮತಿಸಿದರೆ, ಹವಾಮಾನ ಚೆನ್ನಾಗಿದ್ದು ಟ್ರಾಫಿಕ್ ಕಡಿಮೆಯಿದ್ದಾಗ ಅದನ್ನೇ ಮಾಡಿ. ಬ್ರೀಫಿಂಗ್‌ನಲ್ಲೇ ಪಕ್ಕದವರಿಗೆ ತಿಳಿಸಿ. ಆಟೊಪೈಲಟ್ ಹಾರಿಸುತ್ತಿರುವಾಗಲೂ ಕಣ್ಣು ಹಾಯಿಸುವ ಮೊದಲು ಊಹಿಸಿ: ಈಗ ಮೂಗು ಎಷ್ಟು ಡಿಗ್ರಿ, ಎಂಜಿನ್ ಬಲ ತೋರಿಸುವ ಎನ್1 ಎಷ್ಟು? ಆಮೇಲೆ ನೋಡಿ. ನನಗೆ ಇದರಷ್ಟು ಉಪಯೋಗವಾದ ಅಭ್ಯಾಸ ಬೇರೊಂದಿಲ್ಲ. ಮೊದಲ ವಾರ ನನ್ನ ಊಹೆ ಬಹಳ ಸಲ ತಪ್ಪಿತ್ತು.

ಈಗ ಎಡ ಸೀಟಿನಲ್ಲಿ, ಕ್ಯಾಪ್ಟನ್ ಆಗಿ ಕೂರುತ್ತೇನೆ. ಪಕ್ಕದವರು ಆಟೊಪೈಲಟ್ ತೆಗೆದಾಗ ನಾನು ಕಾಯುವುದು ಎರಡು ಮಾತಿಗೆ: 'ಎರಡೂ ಫ್ಲೈಟ್ ಡೈರೆಕ್ಟರ್ ಆಫ್', ಆಮೇಲೆ ಪರದೆಯ ಮೇಲಿರುವುದನ್ನು ಓದಿ, 'ಸ್ಪೀಡ್'.