ಓದುಗರ ಪ್ರಶ್ನೆ: ಸತ್ತ ಮಂಗನನ್ನು ಹೂಳಿದರೆ ಮಂಗನ ಕಾಯಿಲೆಯ ಭಯ ತೀರಿತೇ?

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಕಳೆದ ವಾರ ಒಂದು ಮಂಗ ಸತ್ತು ಬಿದ್ದಿತ್ತು. ಊರಿನವರು ಸೇರಿ ಅಲ್ಲೇ ಹೂಳಿದ್ದೇವೆ. ಇನ್ನು ಅಲ್ಲಿಂದ ಕೊಟ್ಟಿಗೆಗೆ ದರಕು (ಒಣ ತರಗೆಲೆ) ತರಲು ಅಡ್ಡಿಯಿಲ್ಲವಲ್ಲ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಈ ಹಂಗಾಮಿನಲ್ಲಿ ಆ ಜಾಗದತ್ತ ಹೋಗಬೇಡಿ. ಮಂಗನ ಕಾಯಿಲೆ ಎಂಬ ಹೆಸರಿದ್ದರೂ ಮನುಷ್ಯನಿಗೆ ಇದು ಅಂಟುವುದು ಹೆಚ್ಚಾಗಿ ಉಣುಗಿನ (ಉಣ್ಣೆಯ) ಕಡಿತದಿಂದ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಒಂದೊಂದಾಗಿ ಕಳಚಿ ಸುತ್ತಲಿನ ತರಗೆಲೆಯೊಳಗೆ ಸೇರಿಕೊಳ್ಳುತ್ತವೆ. ನೀವು ಹೂತದ್ದು ಮಂಗನನ್ನು ಮಾತ್ರ. ವೈರಸ್ ಹೊತ್ತ ಉಣುಗುಗಳು ನೀವು ಗುಡಿಸಿ ತರಬೇಕೆಂದಿರುವ ಅದೇ ದರಕಿನಲ್ಲಿ ಇರಬಹುದು.

ಉಣುಗಿನ ಬದುಕು ತಿಳಿದರೆ ಅಪಾಯ ಸ್ಪಷ್ಟವಾಗುತ್ತದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಲಾರ್ವಾ ಮಳೆಗಾಲ ಕಳೆಯುತ್ತಿದ್ದಂತೆ ಇಲಿ, ಹಕ್ಕಿ, ಮಂಗಗಳ ಮೈಯೇರಿ ಒಮ್ಮೆ ಹೊಟ್ಟೆ ತುಂಬ ರಕ್ತ ಕುಡಿದು ಕೆಳಗುದುರುತ್ತದೆ. ಪೊರೆ ಕಳಚಿ ಎಂಟು ಕಾಲಿನ ಮರಿ ಉಣುಗಾದಾಗ, ಲಾರ್ವಾ ಹಂತದಲ್ಲಿ ಹೀರಿದ ವೈರಸ್ ಅದರೊಳಗೆ ಹಾಗೆಯೇ ಉಳಿದಿರುತ್ತದೆ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಈ ಮರಿ ಉಣುಗೇ ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು. ಕಡಿತ ನೋಯುವುದಿಲ್ಲವಾದ್ದರಿಂದ ಎಷ್ಟೋ ಜನರಿಗೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಇವುಗಳ ಓಡಾಟ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಜೋರು. ಮಲೆನಾಡಿನ ರೈತ ದರಕು ಗುಡಿಸಲು, ಸೌದೆ ತರಲು ಕಾಡು ಹೊಕ್ಕುವುದೂ ಅದೇ ತಿಂಗಳುಗಳಲ್ಲಿ. ಕಾಯಿಲೆ ಹೆಚ್ಚಾಗಿ ದುಡಿಯುವ ಬಡವರನ್ನೇ ಹಿಡಿಯುವುದಕ್ಕೆ ಕಾರಣ ಇದೇ ಹೊರತು ಅವರ ಅಜಾಗ್ರತೆಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗ, ಮುಸುವಗಳು ಸಾಲಾಗಿ ಸತ್ತು, ಹಿಂದೆಯೇ ಜನರೂ ಜ್ವರದಲ್ಲಿ ಮಲಗಿದಾಗ ಮೊದಲು ಹುಟ್ಟಿದ ಶಂಕೆ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮಂಗಗಳಿಗೂ ಮನುಷ್ಯರಿಗೂ ತಗಲುವ ಆ ರೋಗ ಭಾರತಕ್ಕೆ ಬಂದೇಬಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲ್ಲಿಗೆ ಬಂದರು. ಅವರಿಗೆ ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಸಂಬಂಧಿ. ಬಹುಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳಲ್ಲೇ ಇದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಆಮೇಲೆ ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗಗಳವರೆಗೂ ಹೋಯಿತು. ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಆದ ಸಾವುಗಳನ್ನು ನೀವು ಮರೆತಿರಲಾರಿರಿ.

ಈಗ ಮಾಡಬೇಕಾದ್ದು ಇಷ್ಟು. ಮಂಗ ಸತ್ತ ಸುದ್ದಿಯನ್ನು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಕ್ಷಣ ತಿಳಿಸಿ. ಸತ್ತ ಜಾಗದ ಸುತ್ತ ಸುಮಾರು 50 ಮೀಟರ್‌ವರೆಗೆ ಉಣುಗುನಾಶಕ ಪುಡಿ ಎರಚುವ ಪದ್ಧತಿಯಿದೆ. ಮುಂದೆ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಬೇರೆ ಕಡೆ ಕಾಡಿಗೆ ಹೋಗಲೇಬೇಕಾದರೆ ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಹೋಗಿ. ಮರಳಿ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳನ್ನು ಮನೆಯವರಿಂದ ನೋಡಿಸಿಕೊಳ್ಳಿ.

ಪ್ರಶ್ನೆ: ಅಣ್ಣನಿಗೆ ಮಂಗನ ಕಾಯಿಲೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಜ್ವರ ಬಿಟ್ಟಿದೆ, ತೋಟದ ಕೆಲಸಕ್ಕೆ ಹೊರಟು ನಿಂತಿದ್ದಾನೆ. ಕಳಿಸಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
– ಸಿದ್ದಾಪುರದ ಓದುಗರು

ಉತ್ತರ: ಮಕ್ಕಳ ಬಗ್ಗೆ ಚಿಂತೆ ಬೇಡ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅಣ್ಣನನ್ನು ದೂರ ಕೂರಿಸುವ ಅಗತ್ಯವಿಲ್ಲ.

ಆದರೆ ಕೆಲಸಕ್ಕೆ ಕಳಿಸಬೇಡಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಬರುವ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು, ಕೆಂಪಾದ ಕಣ್ಣು, ವಾಂತಿ, ಕೆಲವರಲ್ಲಿ ಮೂಗು ಮತ್ತು ವಸಡಿನಿಂದ ರಕ್ತಸ್ರಾವ – ಇದು ಮೊದಲ ಹಂತ. ಹೆಚ್ಚಿನವರು ಇಲ್ಲಿಗೇ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಆರಾಮಾಗಿದ್ದ ಮೇಲೆ ಜ್ವರ ಮರುಕಳಿಸಿ, ಈ ಸಲ ಮಿದುಳಿಗೆ ಸಂಬಂಧಿಸಿದ ತೊಂದರೆಗಳಾದ ತೀವ್ರ ತಲೆನೋವು, ನಡುಕ, ಗೊಂದಲದ ಮಾತು, ಕಣ್ಣು ಮಂಜಾಗುವುದು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲವಾದರೂ, ದೇಹದ ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್‌ಗಳ ಮೇಲೆ ಕಣ್ಣಿಟ್ಟು ಮಾಡುವ ಆರೈಕೆ ಜೀವ ಉಳಿಸುತ್ತದೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿಯನ್ನು ಬಲಿ ಪಡೆಯುವ ರೋಗವಿದು ಎಂಬುದು ನೆನಪಿರಲಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಪ್ರಶ್ನೆ: ಮೊದಲೆಲ್ಲ ಊರಿಗೇ ಬಂದು ಲಸಿಕೆ ಹಾಕುತ್ತಿದ್ದರು. ಈಗೇಕೆ ಇಲ್ಲ?
– ತೀರ್ಥಹಳ್ಳಿಯ ಓದುಗರು

ಉತ್ತರ: 1990ರಿಂದ ಬಳಕೆಯಲ್ಲಿದ್ದ ಆ ಲಸಿಕೆಯ ರಕ್ಷಣೆ ಸಾಲದು ಎಂಬುದು ಬರಬರುತ್ತ ಸ್ಪಷ್ಟವಾಯಿತು. 2005–10ರ ಅವಧಿಯ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇ 62ರಷ್ಟು. ಬೂಸ್ಟರ್ ಕೂಡ ಪಡೆದವರಿಗೆ ಶೇ 83ರಷ್ಟು. ಚುಚ್ಚಿದ ಜಾಗ ಬಹಳ ನೋಯುತ್ತಿದ್ದುದರಿಂದ, ವರ್ಷ ವರ್ಷ ಬೂಸ್ಟರ್‌ಗೆ ತೋಳು ಕೊಡುವವರು ಕಡಿಮೆಯಾದರು. ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸ ನಡೆಸಿದೆ. ರೋಗ ಪತ್ತೆಯಾಗಿ ಆರು ದಶಕ ದಾಟಿದ ಮೇಲೂ ಮಲೆನಾಡಿನ ಜನ ಒಂದು ಒಳ್ಳೆಯ ಲಸಿಕೆಗೆ ಕಾಯಬೇಕಾಗಿರುವುದು ನ್ಯಾಯವಲ್ಲ. ಅದು ಕೈಸೇರುವವರೆಗೆ ನಿಮ್ಮ ಗ್ರಾಮಸಭೆಯಲ್ಲಿ ಎರಡು ವಿಷಯಗಳನ್ನು ಪಟ್ಟುಹಿಡಿದು ಕೇಳಿ: ಹಂಗಾಮು ಶುರುವಾಗುವ ಮೊದಲೇ, ಅಂದರೆ ನವೆಂಬರ್‌ನಲ್ಲೇ, ಪ್ರತಿ ಮನೆಗೂ ಡೆಪಾ ಎಣ್ಣೆ ತಲುಪಬೇಕು, ಜ್ವರ ಬಂದವರ ರಕ್ತದ ಮಾದರಿ ಅದೇ ದಿನ ಪ್ರಯೋಗಾಲಯಕ್ಕೆ ಹೋಗಬೇಕು.